ಕಲಬುರಗಿಯಲ್ಲಿ ಕಣ್ಮುಚ್ಚಿದ ಒಲಿಂಪಿಯನ್: ರಹೀಂ ಸಾಹೇಬರು ಮತ್ತು ಅವರ ಮಗ

2021ರ ಆಗಸ್ಟ್ 22, ಭಾನುವಾರ. ಕಲಬುರಗಿಯ ಆಸ್ಪತ್ರೆಯೊಂದರಲ್ಲಿ 82 ವರ್ಷದ ಹಿರಿಯರೊಬ್ಬರು ಇಹಲೋಕ ತ್ಯಜಿಸಿದರು. ಅವರ ಹೆಸರು ಸೈಯದ್ ಶಾಹಿದ್ ಹಕೀಂ. 1960ರ ರೋಮ್ ಒಲಿಂಪಿಕ್ಸ್‌ಗೆ ಹೋದ ಭಾರತ ಫುಟ್ಬಾಲ್ ತಂಡದ ಸದಸ್ಯರು, ವಾಯುಪಡೆಯಲ್ಲಿ ಸ್ಕ್ವಾಡ್ರನ್ ಲೀಡರ್ ಆಗಿದ್ದವರು, ಫಿಫಾ ಮಾನ್ಯತೆ ಪಡೆದ ರೆಫರಿ, ತರಬೇತುದಾರ. 2017ರಲ್ಲಿ ಕೇಂದ್ರ ಸರ್ಕಾರದ ಧ್ಯಾನ್‌ಚಂದ್ ಪ್ರಶಸ್ತಿ ಪಡೆದವರು. ಒಬ್ಬ ಒಲಿಂಪಿಯನ್ ನಮ್ಮದೇ ಜಿಲ್ಲಾ ಕೇಂದ್ರದಲ್ಲಿ ಕೊನೆಯುಸಿರೆಳೆದ ಆ ದಿನ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಎಷ್ಟು ಮನೆಗಳಲ್ಲಿ ಆ ಹೆಸರು ಕೇಳಿಬಂತು? ಹೆಚ್ಚಿನ ಮನೆಗಳಲ್ಲಿ ಕೇಳಿಬರಲಿಲ್ಲ ಎಂದು ನಾವು ಸಂಕೋಚದಿಂದಲೇ ಒಪ್ಪಿಕೊಳ್ಳಬೇಕಾಗಿದೆ.

ಹಕೀಂ ಸಾಹೇಬರ ಜೀವನದಲ್ಲಿ ಒಂದು ವಿಚಿತ್ರ ಸಂಗತಿಯಿದೆ. ಅವರು ರೋಮ್‌ವರೆಗೆ ಹೋದರು, ಭಾರತದ ಸಮವಸ್ತ್ರ ಧರಿಸಿದರು, ಆದರೆ ಅಲ್ಲಿ ಒಂದು ನಿಮಿಷವೂ ಆಡಲಿಲ್ಲ. ಅವರನ್ನು ಆಡಿಸದಿದ್ದ ತರಬೇತುದಾರ ಬೇರಾರೂ ಅಲ್ಲ, ಅವರ ತಂದೆ ಸೈಯದ್ ಅಬ್ದುಲ್ ರಹೀಂ. ಈ ತಂದೆ ಮತ್ತು ಮಗನ ಕಥೆಯನ್ನು ನಮ್ಮ ನೆಲದ ಕಥೆಯೊಂದಿಗೆ ಸೇರಿಸಿ ಓದಬೇಕೆಂಬುದು ನಮ್ಮ ಅಪೇಕ್ಷೆ. ಏಕೆಂದರೆ ರಹೀಂ ಸಾಹೇಬರು ತಮ್ಮ ಬದುಕಿನ ಬಹುಭಾಗವನ್ನು ಕಳೆದದ್ದು ನಮ್ಮ ಅಜ್ಜಂದಿರು ಬದುಕಿದ ಅದೇ ರಾಜ್ಯದಲ್ಲಿ.

ಇಂದಿನ ಯುವಕರಿಗೆ ಇದನ್ನು ಬಿಡಿಸಿ ಹೇಳಬೇಕಾಗುತ್ತದೆ. 1956ರ ಅಕ್ಟೋಬರ್ ಕೊನೆಯವರೆಗೂ ಕಲಬುರಗಿ ಜಿಲ್ಲೆ ಹೈದರಾಬಾದ್ ರಾಜ್ಯದ ಭಾಗವಾಗಿತ್ತು. 1874ರಲ್ಲಿ ನಿಜಾಮರ ರೈಲು ಮಾರ್ಗವು ವಾಡಿಯಿಂದ ಹೊರಟು ಚಿತ್ತಾಪುರ, ಸೇಡಂ, ತಾಂಡೂರುಗಳನ್ನು ಹಾದು ಸಿಕಂದರಾಬಾದನ್ನು ಮುಟ್ಟಿತು. ವಾಡಿಯ ಈಚೆಗಿದ್ದ ಶಹಾಬಾದ್ ಮುಂಬಯಿಯ ಮುಖ್ಯ ಮಾರ್ಗದಲ್ಲಿತ್ತು. ರೈಲನ್ನೇ ಕಾಣದ ಚಿಂಚೋಳಿಯವರು ತಾಂಡೂರಿನ ಕಡೆಗೆ ಹೋಗಿ ಗಾಡಿ ಹಿಡಿಯಬೇಕಿತ್ತು. ಓದಿಗೆ, ಕೋರ್ಟಿಗೆ, ದವಾಖಾನೆಗೆ, ಕೆಲಸಕ್ಕೆ ಎಲ್ಲರ ಮುಖವೂ ಹೈದರಾಬಾದಿನ ಕಡೆಗೇ. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಆರಂಭವಾದ ಮೇಲೆ ಆ ಸೆಳೆತ ಮತ್ತಷ್ಟು ಬಲವಾಯಿತು.

ಆ ವಿಶ್ವವಿದ್ಯಾಲಯದ ಫುಟ್ಬಾಲ್ ತಂಡದಲ್ಲಿ ಆಡಿದವರೇ ರಹೀಂ. ಜನನ 1909ರ ಆಗಸ್ಟ್ 17. ವೃತ್ತಿಯಿಂದ ಶಾಲಾ ಶಿಕ್ಷಕರು. ಹೈದರಾಬಾದಿನ ಹಲವು ಶಾಲೆಗಳಲ್ಲಿ ಪಾಠ ಹೇಳಿದರು, ಬಳಿಕ ದೈಹಿಕ ಶಿಕ್ಷಣದಲ್ಲಿ ತರಬೇತಿ ಪಡೆದರು. 1940ರ ದಶಕದಲ್ಲಿ ಹೈದರಾಬಾದ್ ಫುಟ್ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು. ಅವರು ಕೊನೆಯವರೆಗೂ ಮೇಷ್ಟ್ರಾಗಿಯೇ ಉಳಿದರು ಎಂಬುದು ನಮ್ಮ ಅನಿಸಿಕೆ. ಹುಡುಗರಿಗಾಗಿ ಅವರು ಏರ್ಪಡಿಸುತ್ತಿದ್ದ ಪಂದ್ಯಾವಳಿಗಳನ್ನೇ ನೋಡಿ. ಒಂದು ಪಂದ್ಯಾವಳಿಯಲ್ಲಿ ಬಲಗಾಲಿನವನು ಎಡಗಾಲಿನಿಂದಲೇ ಚೆಂಡು ಹೊಡೆಯಬೇಕು. ಇನ್ನೊಂದರಲ್ಲಿ ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಒಬ್ಬನೇ ಓಡುವಂತಿಲ್ಲ, ಬಂದ ಚೆಂಡನ್ನು ಕೂಡಲೇ ಜೊತೆಗಾರನಿಗೆ ದಾಟಿಸಬೇಕು. ನಮ್ಮ ದುರ್ಬಲವಾದ ಅಂಗವನ್ನು ಬಳಸಿಯೇ ಬಲಪಡಿಸಬೇಕು, ಸಿಕ್ಕಿದ್ದನ್ನು ಒಬ್ಬನೇ ಇಟ್ಟುಕೊಳ್ಳಬಾರದು. ಮದ್ರಸಾದ ಉಸ್ತಾದರೊಬ್ಬರು ಹೇಳಬಹುದಾದ ಮಾತನ್ನು ಅವರು ಮೈದಾನದಲ್ಲಿ ಆಟವನ್ನಾಗಿ ಮಾಡಿಟ್ಟಿದ್ದರು.

ಇಷ್ಟರಲ್ಲಿ 1948 ಬಂತು. ಆ ವರ್ಷದ ಬಗ್ಗೆ ನಮ್ಮ ಊರುಗಳಲ್ಲಿ ಹಿರಿಯರು ದನಿ ತಗ್ಗಿಸಿ ಮಾತನಾಡುತ್ತಾರೆ. ರಜಾಕಾರರ ದೌರ್ಜನ್ಯಕ್ಕೆ ಸಿಲುಕಿ ನರಳಿದ ಹಳ್ಳಿಗಳು ಈ ಸೀಮೆಯಲ್ಲಿದ್ದವು. ಅದನ್ನು ಮರೆಮಾಚುವುದು ನ್ಯಾಯವಲ್ಲ. ಸೆಪ್ಟೆಂಬರ್‌ನ ಸೇನಾ ಕಾರ್ಯಾಚರಣೆಯ ನಂತರ ಬೇರೆಯದೇ ಆದ ಸಂಕಟ ಬಂತು. ಕೇಂದ್ರ ಸರ್ಕಾರ ಕಳುಹಿಸಿದ ಪಂಡಿತ್ ಸುಂದರಲಾಲ್ ಮತ್ತು ಖಾಝಿ ಅಬ್ದುಲ್ ಗಫ್ಫಾರ್ ಅವರ ತಂಡವು ಅತಿ ಹೆಚ್ಚು ಹಾನಿಗೊಳಗಾದ ನಾಲ್ಕು ಜಿಲ್ಲೆಗಳಾಗಿ ಉಸ್ಮಾನಾಬಾದ್, ಬೀದರ್, ನಾಂದೇಡ್‌ಗಳ ಜೊತೆ ಕಲಬುರಗಿಯನ್ನೂ ಹೆಸರಿಸಿತು. ಅನೇಕ ಮನೆಗಳು ಯಜಮಾನನನ್ನು ಕಳೆದುಕೊಂಡವು. ಉರ್ದು ಆಡಳಿತ ಭಾಷೆಯ ಸ್ಥಾನ ಕಳೆದುಕೊಂಡಿತು, ನೌಕರಿಗಳು ಹೋದವು, ಶಕ್ತಿಯಿದ್ದವರು ಊರು ಬಿಟ್ಟರು. ಮುಂದೇನು ಎಂಬ ಪ್ರಶ್ನೆ ಹೈದರಾಬಾದ್ ರಾಜ್ಯದ ಪ್ರತಿಯೊಬ್ಬ ಮುಸಲ್ಮಾನನ ಮುಂದಿತ್ತು.

ಆ ಪ್ರಶ್ನೆಗೆ ರಹೀಂ ಸಾಹೇಬರು ಯಾವ ಭಾಷಣದಲ್ಲಿಯೂ ಉತ್ತರ ಕೊಟ್ಟಂತಿಲ್ಲ. ಅವರು 1950ರಲ್ಲಿ ಹೈದರಾಬಾದ್ ಸಿಟಿ ಪೊಲೀಸ್ ತಂಡದ ತರಬೇತಿಯನ್ನು ವಹಿಸಿಕೊಂಡರು. ಅದೇ ವರ್ಷ ಆ ತಂಡ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. ಕೋಲ್ಕತ್ತದ ಬಲಿಷ್ಠ ಮೋಹನ್ ಬಾಗಾನ್ ತಂಡವನ್ನು ಮಣಿಸಿ ಡ್ಯುರಾಂಡ್ ಕಪ್ ಗೆದ್ದಿತು. ಮುಂದೆ 1954ರವರೆಗೆ ಸತತ ಐದು ವರ್ಷ ರೋವರ್ಸ್ ಕಪ್ ಹೈದರಾಬಾದಿನಿಂದ ಕದಲಲಿಲ್ಲ. ಆಟಗಾರರಲ್ಲಿ ಬಹುತೇಕರು ಸಾಧಾರಣ ಪೊಲೀಸ್ ಪೇದೆಗಳು, ಬಡ ಕುಟುಂಬದ ಹುಡುಗರು, ಮುಸ್ಲಿಮರೂ ಹಿಂದೂಗಳೂ ಇದ್ದ ತಂಡ. ಎರಡೇ ವರ್ಷಗಳ ಹಿಂದೆ ಒಬ್ಬರನ್ನೊಬ್ಬರು ಅನುಮಾನದಿಂದ ನೋಡುತ್ತಿದ್ದ ನಗರವೊಂದು ಈಗ ಒಂದೇ ತಂಡಕ್ಕಾಗಿ ಕೂಗುತ್ತಿತ್ತು.

ಸಿಕಂದರಾಬಾದ್ ಬಳಿಯ ಅಮ್ಮುಗುಡದ ತುಳಸೀದಾಸ್ ಬಲರಾಂ ಎಂಬ ಬಡ ಹುಡುಗನ ಉದಾಹರಣೆ ಇಲ್ಲಿ ಹೇಳಲೇಬೇಕು. ರಹೀಂ ಸಾಹೇಬರು ಅವನ ಆಟ ನೋಡಿ ಹೈದರಾಬಾದಿಗೆ ಅಭ್ಯಾಸಕ್ಕೆ ಬರಹೇಳಿದರು. ಅಷ್ಟು ದೂರ ದಿನವೂ ಬಂದುಹೋಗಲು ಹುಡುಗನ ಬಳಿ ಕಾಸಿರಲಿಲ್ಲ. ಸೈಕಲ್ಲಿನ ಬಾಡಿಗೆಯನ್ನು ಸಾಹೇಬರೇ ನೋಡಿಕೊಂಡರು. ಆ ಬಲರಾಂ 1956 ಮತ್ತು 1960ರ ಒಲಿಂಪಿಕ್ಸ್‌ಗಳಲ್ಲಿ ಭಾರತವನ್ನು ಪ್ರತಿನಿಧಿಸಿದರು. ಶ್ವಾಸಕೋಶದ ಕಾಯಿಲೆ ಅವರನ್ನು ಇಪ್ಪತ್ತೇಳರ ಹರೆಯದಲ್ಲೇ ಆಟದಿಂದ ಬಿಡಿಸಿತಾದರೂ 2023ರಲ್ಲಿ ತೀರಿಕೊಳ್ಳುವವರೆಗೂ ತಮ್ಮ ಗುರುವಿನ ಹೆಸರನ್ನು ಗೌರವದಿಂದ ಸ್ಮರಿಸುತ್ತಿದ್ದರು. ಝಕಾತ್ ಮತ್ತು ಸದಕಾಗಳ ಬಗ್ಗೆ ನಾವು ಬಹಳ ಬರೆಯುತ್ತೇವೆ. ಪ್ರತಿಭೆಯುಳ್ಳ ಒಬ್ಬ ಹುಡುಗನ ಸೈಕಲ್ ಬಾಡಿಗೆ ಕೊಡುವುದನ್ನೂ ಆ ಬರಹಗಳಲ್ಲಿ ಸೇರಿಸಬಹುದು.

ಆದರೆ ಗೆಲುವುಗಳ ಪಟ್ಟಿಯಷ್ಟನ್ನೇ ಹೇಳಿದರೆ ಇದು ಅರ್ಧ ಕಥೆಯಾದೀತು. ರಹೀಂ ಅವರ ಮಾರ್ಗದರ್ಶನದಲ್ಲಿ ಭಾರತ 1951ರಲ್ಲಿ ದೆಹಲಿಯ ಪ್ರಥಮ ಏಷ್ಯನ್ ಕ್ರೀಡಾಕೂಟದ ಚಿನ್ನ ಗೆದ್ದಿತು. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್. ಉತ್ತರ ಯುರೋಪಿನ ಚಳಿ, ಎದುರಿಗೆ ಬೂಟು ತೊಟ್ಟ ಬಲಾಢ್ಯ ಯುಗೊಸ್ಲಾವಿಯ, ನಮ್ಮ ಆಟಗಾರರಲ್ಲಿ ಅನೇಕರು ಬರಿಗಾಲಲ್ಲಿ. ಫಲಿತಾಂಶ 10–1. ಆ ಒಂದು ಗೋಲನ್ನು ಹೊಡೆದವರು ನಮ್ಮ ಬೆಂಗಳೂರಿನ ಅಹ್ಮದ್ ಖಾನ್. ಪಂದ್ಯ ಮುಗಿಯಲು ಬಂದಿತ್ತು, ಹತ್ತು ಗೋಲುಗಳು ಆಗಲೇ ಬಿದ್ದಿದ್ದವು. ಆಗಲೂ ಓಡುವುದನ್ನು ನಿಲ್ಲಿಸದ ಒಬ್ಬ ಮನುಷ್ಯ ಆ ತಂಡದಲ್ಲಿದ್ದನು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿಯೂ ಅವರು ಆಡಿದ್ದರು. ಅಲ್ಲಿ ಭಾರತ ಎರಡು ಪೆನಾಲ್ಟಿಗಳನ್ನು ಕಳೆದುಕೊಂಡು ಫ್ರಾನ್ಸ್ ಎದುರು 2–1ರಿಂದ ಸೋತಿತ್ತು. ಆ ಪಂದ್ಯದಲ್ಲಿ ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್ ಅವರೂ ಬೆಂಗಳೂರಿನವರೇ. ಅಹ್ಮದ್ ಖಾನ್ ಕೋಲ್ಕತ್ತದ ಈಸ್ಟ್ ಬೆಂಗಾಲ್ ಪರ ಆಡಿ ಬಂಗಾಳದ ಜನರ ಕಣ್ಮಣಿಯಾದರು, ಬೆಂಗಳೂರಿಗೆ ಮರಳಿದರು, 2017ರಲ್ಲಿ ತೀರಿಕೊಂಡರು.

ಹೆಲ್ಸಿಂಕಿಯ ಸೋಲಿನ ಸಂದರ್ಭದಲ್ಲಿ ನಮಗೆ ಮದೀನಾದ ಒಂದು ಘಟನೆ ನೆನಪಾಗುತ್ತದೆ. ಪ್ರವಾದಿ(ಸ)ರವರಿಗೆ ಅದ್ಬಾ ಎಂಬ ಒಂಟೆಯಿತ್ತು. ಓಟದಲ್ಲಿ ಅದನ್ನು ಸೋಲಿಸಿದವರಿರಲಿಲ್ಲ. ಒಂದು ದಿನ ಮರಳುಗಾಡಿನ ಒಬ್ಬ ಗ್ರಾಮೀಣ ತನ್ನ ಎಳೆಯ ಒಂಟೆಯೇರಿ ಬಂದು ಅದನ್ನು ಹಿಂದಿಕ್ಕಿಬಿಟ್ಟ. ಸಹಾಬಿಗಳಿಗೆ ಬಹಳ ನೋವಾಯಿತು. ಪ್ರವಾದಿ(ಸ)ರು ಬೇಸರಿಸಿಕೊಳ್ಳಲಿಲ್ಲ. ಈ ಲೋಕದಲ್ಲಿ ಮೇಲೇರಿದ ಯಾವುದನ್ನೂ ಅಲ್ಲಾಹನು ಒಮ್ಮೆ ಕೆಳಗಿಳಿಸದೆ ಬಿಡುವುದಿಲ್ಲ ಎಂಬ ಅರ್ಥದ ಮಾತನ್ನು ಹೇಳಿ ಅವರನ್ನು ಸಂತೈಸಿದರು. ಇಮಾಮ್ ಬುಖಾರಿಯವರು ಈ ಪ್ರಸಂಗವನ್ನು ದಾಖಲಿಸಿದ್ದಾರೆ. ಆಟ, ಓಟ, ಕುಸ್ತಿಗಳೆಲ್ಲ ದೀನಿಗೆ ಹೊರತಾದ ವ್ಯರ್ಥ ಕಾಲಹರಣವೆಂದು ಭಾವಿಸುವ ಕೆಲವರು ನಮ್ಮಲ್ಲಿ ಇನ್ನೂ ಇದ್ದಾರೆ. ಕುದುರೆಗಳ ಓಟವನ್ನು ಸ್ವತಃ ಏರ್ಪಡಿಸಿದ, ಪತ್ನಿ ಹಝ್ರತ್ ಆಯಿಶಾ(ರ)ರೊಂದಿಗೆ ಓಡಿ ಒಮ್ಮೆ ಸೋತು ಇನ್ನೊಮ್ಮೆ ಗೆದ್ದ ಪ್ರವಾದಿವರ್ಯರ(ಸ) ಜೀವನವನ್ನು ಅವರು ಮತ್ತೊಮ್ಮೆ ಓದಬೇಕು. ನಮಾಝ್ ತಪ್ಪಿಸುವ, ಜೂಜಿಗೆ ಎಳೆಯುವ ಆಟದ ಮಾತು ಬೇರೆ.

ಹೆಲ್ಸಿಂಕಿಯ ಬಳಿಕ ಭಾರತದ ಫುಟ್ಬಾಲ್‌ನಲ್ಲಿ ಬೂಟು ಕಡ್ಡಾಯವಾಯಿತು. ಬರಿಗಾಲಲ್ಲಿ ಬೆಳೆದ ಹುಡುಗರಿಗೆ ಬೂಟು ತೊಟ್ಟು ಆಡುವುದನ್ನು ಮೊದಲಿಂದ ಕಲಿಸಬೇಕಾಯಿತು. ನಾಲ್ಕು ವರ್ಷಗಳ ನಂತರ ಮೆಲ್ಬರ್ನ್ ಬಂತು.

ಇಲ್ಲಿ ಎರಡು ದಿನಾಂಕಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಇಲ್ಲವಾಯಿತು. ಕಲಬುರಗಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು, ಆದರೆ ಅದರ ತಾಂಡೂರು ಮತ್ತು ಕೊಡಂಗಲ್ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು. ಸೇಡಂ ದಾಟಿ ತಾಂಡೂರಿಗೆ ಹೋಗುವ ಅದೇ ರೈಲು ಈಗ ರಾಜ್ಯದ ಗಡಿಯನ್ನು ದಾಟತೊಡಗಿತು. ಕನ್ನಡಿಗರೆಲ್ಲ ಒಂದಾದ ಸಂಭ್ರಮ ಒಂದು ಕಡೆ, ಗಡಿಯಾಚೆ ಉಳಿದ ಬೀಗರು-ನೆಂಟರ ಚಿಂತೆ ಇನ್ನೊಂದು ಕಡೆ. ಅದಾದ ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 1ರಂದು, ರಹೀಂ ಸಾಹೇಬರ ತಂಡ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಆತಿಥೇಯ ಆಸ್ಟ್ರೇಲಿಯವನ್ನು 4–2ರಿಂದ ಸೋಲಿಸಿತು. ನೆವಿಲ್ ಡಿಸೋಜ ಮೂರು ಗೋಲು ಹೊಡೆದರು. ಒಲಿಂಪಿಕ್ಸ್ ಫುಟ್ಬಾಲ್‌ನಲ್ಲಿ ಏಷ್ಯದ ದೇಶವೊಂದು ಸೆಮಿಫೈನಲ್ ಮುಟ್ಟಿದ್ದು ಅದೇ ಮೊದಲು. ಆ ತಂಡದಲ್ಲಿ ಹೈದರಾಬಾದಿನ ನೂರ್ ಮುಹಮ್ಮದ್, ಅಝೀಝುದ್ದೀನ್, ಝುಲ್ಫಿಕಾರುದ್ದೀನ್ ಇದ್ದರು, ಬೆಂಗಳೂರಿನ ಕೆಂಪಯ್ಯ ಇದ್ದರು. ನಾಲ್ಕು ವರ್ಷಗಳ ಹಿಂದೆ ಹತ್ತು ಗೋಲು ಹೊಡೆದಿದ್ದ ಯುಗೊಸ್ಲಾವಿಯದ ವಿರುದ್ಧ ಸೆಮಿಫೈನಲ್‌ನಲ್ಲಿ ಮೊದಲ ಗೋಲು ಹೊಡೆದದ್ದು ಭಾರತವೇ. ಕೊನೆಗೆ 4–1ರಿಂದ ಸೋತರು, ಕಂಚಿನ ಪಂದ್ಯದಲ್ಲಿ ಬಲ್ಗೇರಿಯಕ್ಕೆ 3–0ರಿಂದ ಮಣಿದರು. ನಾಲ್ಕನೆಯ ಸ್ಥಾನಕ್ಕೆ ಪದಕವಿಲ್ಲ. ಆದರೂ ಅದಕ್ಕಿಂತ ಮೇಲಿನ ಸ್ಥಾನ ಭಾರತದ ಫುಟ್ಬಾಲ್‌ಗೆ ಒಲಿಂಪಿಕ್ಸ್‌ನಲ್ಲಿ ಇಂದಿಗೂ ದಕ್ಕಿಲ್ಲ.

ಮತ್ತೆ ನಾಲ್ಕು ವರ್ಷ. 1960ರ ರೋಮ್. ಹಂಗೇರಿಯ ವಿರುದ್ಧ 2–1ರ ಸೋಲು, ಫ್ರಾನ್ಸ್ ಜೊತೆ 1–1ರ ಸಮಬಲ, ಪೆರು ವಿರುದ್ಧ 3–1ರ ಸೋಲು. ಮೂರು ಪಂದ್ಯಗಳಲ್ಲೂ ಇಪ್ಪತ್ತೊಂದು ವರ್ಷದ ಹಕೀಂ ಹೊರಗೆ ಕುಳಿತು ನೋಡಿದರು. ಆಗಿನ ನಿಯಮದಲ್ಲಿ ಪಂದ್ಯದ ನಡುವೆ ಬದಲಿ ಆಟಗಾರನನ್ನು ಇಳಿಸುವ ಅವಕಾಶವಿರಲಿಲ್ಲ. ಮೊದಲ ಹನ್ನೊಂದರಲ್ಲಿ ಹೆಸರಿಲ್ಲದಿದ್ದರೆ ಆಟವಿಲ್ಲ, ಆ ಹನ್ನೊಂದು ಹೆಸರುಗಳನ್ನು ಬರೆಯುತ್ತಿದ್ದವರು ತಂದೆ.

ಒಂದು ಕ್ಷಣ ಆ ತಂದೆಯ ಸ್ಥಾನದಲ್ಲಿ ನಿಂತು ಯೋಚಿಸೋಣ. ಪೆರುವಿನ ಎದುರಿನ ಪಂದ್ಯ ಗುಂಪಿನ ಕೊನೆಯದು. ಮಗನನ್ನು ಅದೊಂದರಲ್ಲಿ ಇಳಿಸಿದ್ದರೆ ಬಹುಶಃ ಯಾರೂ ಬೆರಳೆತ್ತುತ್ತಿರಲಿಲ್ಲ. ಇಳಿಸಲಿಲ್ಲ. ತಂಡ ಅವರ ಕೈಯಲ್ಲಿದ್ದ ಅಮಾನತ್ ಆಗಿತ್ತು, ಅದರಲ್ಲಿ ರಕ್ತಸಂಬಂಧಕ್ಕೆ ಪಾಲಿರಲಿಲ್ಲ. ನ್ಯಾಯದ ವಿಷಯದಲ್ಲಿ ಸ್ವಂತದವರೂ ಪರರೂ ಸಮಾನರೆಂಬ ಕುರ್‌ಆನಿನ ಕಟ್ಟಪ್ಪಣೆಯನ್ನು ನಾವು ಜುಮಾ ಖುತ್ಬಾಗಳಲ್ಲಿ ಕೇಳುತ್ತಲೇ ಬಂದಿದ್ದೇವೆ. ನಮ್ಮ ಸಂಸ್ಥೆಗಳಲ್ಲಿ, ಜಮಾಅತ್ ಕಮಿಟಿಗಳಲ್ಲಿ ನೇಮಕಗಳು ಹೇಗೆ ನಡೆಯುತ್ತವೆ ಎಂಬುದನ್ನು ಓದುಗರು ಬಲ್ಲರು. ಅದರ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ.

ಆದರೆ ನಮ್ಮ ಗಮನ ಹೆಚ್ಚು ಹೋಗುವುದು ಮಗನ ಕಡೆಗೆ. ತಂದೆಯ ನ್ಯಾಯದ ಬೆಲೆಯನ್ನು ತೆತ್ತವರು ಅವರೇ ಅಲ್ಲವೇ? ಉಹುದ್ ಯುದ್ಧದ ಮುಂಚಿನ ಪ್ರಸಂಗವನ್ನು ಇಲ್ಲಿ ನೆನೆಯಬಹುದು. ಎಳೆಯ ಹುಡುಗರನ್ನು ಪ್ರವಾದಿ(ಸ)ರು ಸಾಲಿನಿಂದ ಹಿಂದಕ್ಕೆ ಕಳುಹಿಸುತ್ತಿದ್ದರು. ಬಿಲ್ಲುಗಾರಿಕೆಯಲ್ಲಿ ನಿಪುಣನೆಂದು ರಾಫಿಅ್ ಬಿನ್ ಖದೀಜ್(ರ) ಎಂಬ ಹುಡುಗನಿಗೆ ಅನುಮತಿ ಸಿಕ್ಕಿತು. ಆಗ ಸಮುರಾ ಬಿನ್ ಜುಂದುಬ್(ರ) ಎಂಬ ಇನ್ನೊಬ್ಬ ಹುಡುಗ, ಕುಸ್ತಿಯಲ್ಲಿ ರಾಫಿಅ್‌ನನ್ನು ತಾನು ಕೆಡವಬಲ್ಲೆ ಎಂದು ವಾದಿಸಿದ. ಕುಸ್ತಿ ನಡೆಯಿತು, ಸಮುರಾ ಗೆದ್ದ, ಅವನಿಗೂ ಅನುಮತಿ ದೊರೆಯಿತು. ಈ ಭಾಗವನ್ನು ನಾವು ಮಕ್ಕಳಿಗೆ ಉತ್ಸಾಹದಿಂದ ಹೇಳುತ್ತೇವೆ. ಅದೇ ದಿನ ಅಬ್ದುಲ್ಲಾ ಬಿನ್ ಉಮರ್(ರ) ಕೂಡ ಬಂದಿದ್ದರು, ವಯಸ್ಸು ಹದಿನಾಲ್ಕು. ಅವರಿಗೆ ಅನುಮತಿ ಸಿಗಲಿಲ್ಲ. ಅವರು ಮನೆಗೆ ಮರಳಿದರು, ಕಾದರು, ಹದಿನೈದರ ಪ್ರಾಯದಲ್ಲಿ ಖಂದಕ್‌ಗೆ ಮತ್ತೆ ಬಂದು ನಿಂತರು. ಹಿಂದಕ್ಕೆ ಕಳುಹಿಸಲ್ಪಟ್ಟ ದಿನ ಆ ಹುಡುಗ ಮನೆಗೆ ನಡೆದ ದಾರಿಯ ಬಗ್ಗೆ ನಾವು ಅಷ್ಟಾಗಿ ಯೋಚಿಸುವುದಿಲ್ಲ. ಸಬ್ರ್ ಎಂಬ ಪದಕ್ಕೆ ಆ ದಾರಿಯಲ್ಲಿ ಹೆಚ್ಚು ಅರ್ಥವಿದೆ ಎಂದು ನಮಗೆ ತೋರುತ್ತದೆ.

1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ರಹೀಂ ಸಾಹೇಬರ ಶ್ವಾಸಕೋಶವನ್ನು ಕ್ಯಾನ್ಸರ್ ಆವರಿಸಿತ್ತು. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯ 2–0ರಿಂದ ಸೋಲಿಸಿತು. ಥಾಯ್ಲೆಂಡ್ ವಿರುದ್ಧ ಗೆದ್ದರೂ ರಕ್ಷಣಾ ಆಟಗಾರ ಜರ್ನೈಲ್ ಸಿಂಗ್ ಅವರ ತಲೆಗೆ ಪೆಟ್ಟು ಬಿತ್ತು, ಹೊಲಿಗೆ ಹಾಕಬೇಕಾಯಿತು. ದೇಶವಿಭಜನೆಯ ಹಿಂಸೆಯಲ್ಲಿ ಬಾಲಕನಾಗಿ ಪಶ್ಚಿಮ ಪಂಜಾಬನ್ನು ಬಿಟ್ಟು ಬಂದವರು ಈ ಜರ್ನೈಲ್ ಸಿಂಗ್. ಗಾಯಗೊಂಡ ತಲೆಯಿಂದ ರಕ್ಷಣೆಯ ಆಟ ಕಷ್ಟವೆಂದು ರಹೀಂ ಸಾಹೇಬರು ಅವರನ್ನು ಮುಂಚೂಣಿಗೆ ಕಳುಹಿಸಿದರು. ಸೆಮಿಫೈನಲ್‌ನಲ್ಲಿ ದಕ್ಷಿಣ ವಿಯೆಟ್ನಾಂ ವಿರುದ್ಧ ಅವರು ಗೋಲು ಹೊಡೆದರು, ತಂಡ 3–2ರಿಂದ ಗೆದ್ದಿತು.

ಅತ್ತ ಮೈದಾನದ ಹೊರಗೆ ಬೇರೆಯೇ ಬಿರುಗಾಳಿ. ಇಂಡೊನೇಷ್ಯ ಸರ್ಕಾರ ಇಸ್ರೇಲ್ ಮತ್ತು ತೈವಾನ್ ತಂಡಗಳಿಗೆ ಪ್ರವೇಶ ಕೊಟ್ಟಿರಲಿಲ್ಲ. ಅದನ್ನು ಆಕ್ಷೇಪಿಸಿದ ಭಾರತದ ಕ್ರೀಡಾ ಆಡಳಿತಗಾರ ಜಿ.ಡಿ. ಸೋಂಧಿ ಅವರ ಮೇಲಿನ ಕೋಪವೆಲ್ಲ ಆಟಗಾರರ ಮೇಲೆ ತಿರುಗಿತು. ಸೆಪ್ಟೆಂಬರ್ 4ರ ಫೈನಲ್‌ಗೆ ಸುಮಾರು ಒಂದು ಲಕ್ಷ ಪ್ರೇಕ್ಷಕರು, ಬಹುತೇಕ ಎಲ್ಲರೂ ಭಾರತದ ವಿರುದ್ಧ. ಆ ಗದ್ದಲದ ನಡುವೆ ಭಾರತಕ್ಕೆ ಜೈಕಾರ ಹಾಕಿದ ಒಂದು ಚಿಕ್ಕ ಗುಂಪೆಂದರೆ ಪಾಕಿಸ್ತಾನದ ಹಾಕಿ ಆಟಗಾರರದ್ದು. ಆ ತಂಡದವರು ಬಹುಕಾಲ ಇದನ್ನು ನೆನೆಯುತ್ತಿದ್ದರು. ಹಿಂದಿನ ರಾತ್ರಿ ರಹೀಂ ಸಾಹೇಬರು ಹುಡುಗರನ್ನು ಸೇರಿಸಿ, ನಾಳೆ ತನಗೊಂದು ಉಡುಗೊರೆ ಬೇಕು, ಅದು ಆ ಚಿನ್ನ ಎಂದಷ್ಟೇ ಕೇಳಿದ್ದರಂತೆ. ಪಿ.ಕೆ. ಬ್ಯಾನರ್ಜಿ 17ನೆಯ ನಿಮಿಷದಲ್ಲಿ, ಜರ್ನೈಲ್ ಸಿಂಗ್ 20ನೆಯ ನಿಮಿಷದಲ್ಲಿ ಗೋಲು ಹೊಡೆದರು. ಮೊದಲ ಪಂದ್ಯದಲ್ಲಿ ಸೋಲಿಸಿದ್ದ ಅದೇ ಕೊರಿಯ 2–1ರಿಂದ ಸೋತಿತು. ಏಷ್ಯನ್ ಕ್ರೀಡಾಕೂಟದ ಫುಟ್ಬಾಲ್‌ನಲ್ಲಿ ಭಾರತಕ್ಕೆ ಆಮೇಲೆ ಚಿನ್ನ ಬಂದಿಲ್ಲ.

ಒಂಬತ್ತು ತಿಂಗಳು ಕಳೆದು, 1963ರ ಜೂನ್ 11ರಂದು ರಹೀಂ ಸಾಹೇಬರು ನಿಧನರಾದರು. ವಯಸ್ಸು 53. ತರಬೇತುದಾರರಿಗೆಂದು ದ್ರೋಣಾಚಾರ್ಯ ಪ್ರಶಸ್ತಿ ಸ್ಥಾಪನೆಯಾದದ್ದೇ 1985ರಲ್ಲಿ.

ಮಗ ಹಕೀಂ ಮುಂದೆ ಏನು ಮಾಡಿದರು? ಕಹಿಯನ್ನು ನುಂಗಿಕೊಂಡು ಆಟದಿಂದ ದೂರ ಸರಿದಿದ್ದರೆ ನಾವು ಅರ್ಥಮಾಡಿಕೊಳ್ಳಬಹುದಿತ್ತು. ಅವರು ಸಂತೋಷ್ ಟ್ರೋಫಿಯಲ್ಲಿ ಸರ್ವಿಸಸ್ ತಂಡಕ್ಕೆ ವರ್ಷಗಟ್ಟಲೆ ಆಡಿದರು. ಆಡುವ ಕಾಲ ಮುಗಿದಾಗ ಸೀಟಿ ಹಿಡಿದು ರೆಫರಿಯಾದರು, 1988ರ ಏಷ್ಯನ್ ಕಪ್‌ನಲ್ಲಿ ತೀರ್ಪುಗಾರರಾಗಿ ನಿಂತರು. ಯಾರ ಪರವೂ ವಹಿಸದೆ ನಿಲ್ಲುವ ಆ ಕೆಲಸಕ್ಕೆ ರಹೀಂ ಸಾಹೇಬರ ಮಗನಿಗಿಂತ ತಕ್ಕವರು ಸಿಗುವುದು ಕಷ್ಟ. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಪಿ.ಕೆ. ಬ್ಯಾನರ್ಜಿಯವರಿಗೆ ಸಹಾಯಕ ತರಬೇತುದಾರರಾಗಿದ್ದರು. ರೋಮ್‌ನಲ್ಲಿ ತಾವು ಹೊರಗೆ ಕುಳಿತಾಗ ತಂಡದ ನಾಯಕರಾಗಿ ಆಡಿದ್ದವರೇ ಆ ಬ್ಯಾನರ್ಜಿ. 2017ರಲ್ಲಿ ಭಾರತದಲ್ಲಿ ನಡೆದ ಹದಿನೇಳು ವರ್ಷದೊಳಗಿನವರ ವಿಶ್ವಕಪ್‌ಗೆ ಮುಂಚೆ ದೇಶದ ಮೂಲೆಮೂಲೆಗಳಿಂದ ಹುಡುಗರನ್ನು ಆರಿಸುವ ಕೆಲಸದಲ್ಲೂ ಅವರಿದ್ದರು. ಆಗ ಅವರ ವಯಸ್ಸು ಎಪ್ಪತ್ತೈದನ್ನು ದಾಟಿತ್ತು.

ತಂದೆಯ ಜೀವನವನ್ನು ಆಧರಿಸಿದ ‘ಮೈದಾನ್’ ಚಲನಚಿತ್ರ 2024ರ ಏಪ್ರಿಲ್‌ನಲ್ಲಿ ತೆರೆಕಂಡಿತು. ದೇಶವೆಲ್ಲ ಒಮ್ಮೆ ರಹೀಂ ಹೆಸರನ್ನು ಆಡಿಕೊಂಡಿತು. ಅದನ್ನು ನೋಡಲು ಹಕೀಂ ಇರಲಿಲ್ಲ. ಅಲ್ಲಾಹನು ಆ ತಂದೆ-ಮಗ ಇಬ್ಬರಿಗೂ ಮಗ್‌ಫಿರತ್ ಕರುಣಿಸಲಿ, ಅವರ ಗೋರಿಗಳನ್ನು ಪ್ರಕಾಶಗೊಳಿಸಲಿ, ಆಮೀನ್.

ಶಹಾಬಾದಿನ ಕಲ್ಲು ಗಣಿಗಳ ಬಳಿಯೋ, ವಾಡಿಯ ರೈಲ್ವೆ ವಸಾಹತುವಿನಲ್ಲೋ, ಸೇಡಂ, ಚಿತ್ತಾಪುರ, ಚಿಂಚೋಳಿಗಳ ಹಳೆಯ ಮೊಹಲ್ಲಾಗಳಲ್ಲೋ 1950ರ ದಶಕದಲ್ಲಿ ರೈಲು ಹತ್ತಿ ಹೈದರಾಬಾದಿಗೆ ಹೋಗಿ ಆ ಪೊಲೀಸ್ ತಂಡದ ಆಟ ಕಂಡ ಹಿರಿಯರು ಒಬ್ಬಿಬ್ಬರಾದರೂ ಇಂದು ಉಳಿದಿರಬಹುದು. ಅಂಥವರಿಗೆ ಈಗ ಎಂಬತ್ತೈದೋ ತೊಂಬತ್ತೋ ಆಗಿರುತ್ತದೆ. ನಿಮ್ಮ ಮನೆಯಲ್ಲಿ ಅಂಥ ಅಜ್ಜ ಇದ್ದರೆ ಈ ವಾರವೇ ಪಕ್ಕದಲ್ಲಿ ಕುಳಿತು ಕೇಳಿ, ಅವರು ಹೇಳಿದ್ದನ್ನು ಬರೆದಿಟ್ಟುಕೊಳ್ಳಿ.